ಮುಂದಿನ ವಾರವೂ ಬಾಗಿಲು ತಟ್ಟಿದ ಹುಡುಗರು

2019ರ ಆಗಸ್ಟ್. ನವಿಲುತೀರ್ಥದ ಜಲಾಶಯ ತುಂಬಿ ಬಿಟ್ಟ ನೀರಿಗೆ ಮಲಪ್ರಭಾ ನದಿ ದಂಡೆ ಮೀರಿತ್ತು. ಸವದತ್ತಿ ತಾಲೂಕಿನ ಮುನವಳ್ಳಿಯಿಂದ ರಾಮದುರ್ಗದ ತನಕ ಊರೂರಿಗೆ ನೀರು ನುಗ್ಗಿತ್ತು. ನಾನಾಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಹುಟ್ಟೂರು ಬೈಲಹೊಂಗಲ. ಆಫೀಸಿನ ಏಳೆಂಟು ಗೆಳೆಯರು ಸೇರಿ ವಾಟ್ಸಾಪ್‌ನಲ್ಲಿ ದುಡ್ಡು ಕೂಡಿಸಿದೆವು. ಒಂದು ಟೆಂಪೋ ತುಂಬ ಅಕ್ಕಿ, ಬೇಳೆ, ಎಣ್ಣೆ, ಚಾದರ ಹೇರಿಕೊಂಡು ಹೊರಟೆವು. ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ರಾಮದುರ್ಗದ ದಾರಿ ಹಿಡಿದೆವು.

ಅಲ್ಲಿ ನೇಕಾರರ ಓಣಿಯೊಂದರಲ್ಲಿ ಒಬ್ಬ ಅಜ್ಜಿಯ ಮನೆ. ಮಗ್ಗದ ಕುಣಿಯ ತುಂಬ ಕೆಸರು. ನೆನೆದ ನೂಲು ಕೊಳೆತು ವಾಸನೆ ಹೊಡೆಯುತ್ತಿತ್ತು. ಕಿಟ್ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. ಅಜ್ಜಿ ಚೀಲ ಪಕ್ಕಕ್ಕಿಟ್ಟು, ಮುಂದಿನ ವಾರ ಬರ್ತೀರೇನಪ್ಪಾ ಅಂತ ಕೇಳಿದರು. ಬರ್ತೀವಿ ಆಯಿ, ಅಂದೆವು. ನಾನು ಹೋಗಲಿಲ್ಲ.

ನಮ್ಮ ಗುಂಪಲ್ಲಿ ಮಂಗಳೂರು ಕಡೆಯ ಒಬ್ಬ ಹುಡುಗ ಇದ್ದ. ನಮ್ಮ ಕಡೆಯ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಅವನು ಹೋದ. ಆ ವರ್ಷ ಮೂರು ಸಲ ಅದೇ ಮನೆಗೆ ಹೋಗಿ ಬಂದ. ಯಾಕೋ ಮಾರಾಯಾ ಅಂತ ಕೇಳಿದ್ದಕ್ಕೆ ಅವನು ತನ್ನ ಅಪ್ಪನ ಕಥೆ ಹೇಳಿದ. ಅವರ ಊರಿನ ಚರ್ಚಿನಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಅಂತ ಒಂದಿದೆ. ಅಪ್ಪ ಅದರ ಸದಸ್ಯ. ವರ್ಷಗಟ್ಟಲೆಯಿಂದ ವಾರಕ್ಕೊಮ್ಮೆ ಇನ್ನೊಬ್ಬರ ಜೊತೆ ಸೇರಿ ಗೊತ್ತಾದ ಒಂದೆರಡು ಬಡವರ ಮನೆಗೆ ಹೋಗಿ ಕೂತು ಬರುತ್ತಾರೆ. ಒಂದು ಸಲ ಹೋಗಿ ಬಂದರೆ ಅದು ಅವರ ಲೆಕ್ಕದಲ್ಲಿ ಭೇಟಿಯೇ ಅಲ್ಲವಂತೆ.

ಈ ಸಭೆ ಶುರುವಾದದ್ದು ಯಾವುದೋ ಮುದಿ ಪಾದ್ರಿಗಳಿಂದ ಅಂತ ನಾನು ಅಂದುಕೊಂಡಿದ್ದೆ. ಹುಡುಕಿ ಓದಿದಾಗ ಸಿಕ್ಕವನು 20 ವರ್ಷದ ಒಬ್ಬ ಕಾನೂನು ವಿದ್ಯಾರ್ಥಿ. ಹೆಸರು ಫ್ರೆಡರಿಕ್ ಓಜಾನಮ್. ಚರ್ಚಾಕೂಟದಲ್ಲಿ ಮಾತಾಡಿ ಗೆಲ್ಲುವುದು ಅವನ ಹುಚ್ಚು. ಟ್ವಿಟರ್ ಇದ್ದಿದ್ದರೆ ದಿನಾ ಜಗಳಕ್ಕೆ ನಿಲ್ಲುತ್ತಿದ್ದ ಅನ್ನಿಸುತ್ತೆ. ಅಂದರೆ ಹೆಚ್ಚುಕಡಿಮೆ ನಮ್ಮಂಥವನೇ.

ನೇಕಾರರ ಊರಿನ ಹುಡುಗ

ಓಜಾನಮ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನಿನಲ್ಲಿ. ಆಗ ಅದು ನೆಪೋಲಿಯನ್ನನ ಕೈಯಲ್ಲಿತ್ತು. ಅಪ್ಪ ನೆಪೋಲಿಯನ್ನನ ಸೈನ್ಯದಲ್ಲಿದ್ದು, ಆಮೇಲೆ ಡಾಕ್ಟರ್ ಆದವರು. 14 ಮಕ್ಕಳು ಹುಟ್ಟಿದ ಮನೆ ಅದು, ಬಹುಪಾಲು ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. ನೆಪೋಲಿಯನ್ ಸೋತ ಮೇಲೆ ಕುಟುಂಬ ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ಅಪ್ಪ ಅಲ್ಲಿ ಬಡ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡುತ್ತಿದ್ದರು. ಕೊನೆಗೆ 1837ರಲ್ಲಿ ಅಂಥದ್ದೇ ಒಬ್ಬ ರೋಗಿಯನ್ನು ನೋಡಲು ಹೋಗಿ ಮೆಟ್ಟಿಲಿಂದ ಬಿದ್ದು ಸತ್ತರು.

ಲಿಯೋನ್ ಅಂದರೆ ರೇಷ್ಮೆ. ನಮ್ಮ ನೇಕಾರರ ಬಾಯಲ್ಲಿ ಇವತ್ತಿಗೂ ಇರುವ ಜಕಾರ್ಡ್ ಅನ್ನುವ ಹೆಸರು ಆ ಊರಿನದೇ. ತೂತು ಹೊಡೆದ ರಟ್ಟಿನ ಪಟ್ಟಿಗಳಿಂದ ವಿನ್ಯಾಸ ನೇಯುವ ಸಲಕರಣೆಯನ್ನು ಜಕಾರ್ಡ್ ಎಂಬಾತ ಅಲ್ಲೇ ರೂಪಿಸಿದ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕಂಪ್ಯೂಟರಿನ ಇತಿಹಾಸ ಅಂತ ನಮಗೆ ಇದನ್ನು ಓದಿಸುತ್ತಾರೆ. ಆ ಮಗ್ಗದ ಮೇಲೆ ಕೂತವರು ಏನು ಉಣ್ಣುತ್ತಿದ್ದರು ಅಂತ ಯಾರೂ ಓದಿಸುವುದಿಲ್ಲ.

ಅಲ್ಲಿನ ವ್ಯವಸ್ಥೆ ರಾಮದುರ್ಗದವರಿಗೆ ಹೊಸದಾಗಿ ಬಿಡಿಸಿ ಹೇಳಬೇಕಾದದ್ದಲ್ಲ. ನೂಲು ವ್ಯಾಪಾರಿಯದು, ದುಡಿಮೆ ನೇಕಾರನದು, ನೇಯ್ದು ಕೊಟ್ಟಷ್ಟಕ್ಕೆ ಮಜೂರಿ. ಮಾರುಕಟ್ಟೆ ಬಿದ್ದರೆ ಮೊದಲು ಬೀಳುವುದು ಮಜೂರಿ. 1831ರ ಅಕ್ಟೋಬರಿನಲ್ಲಿ ಲಿಯೋನಿನ ನೇಕಾರರು ಸರ್ಕಾರಿ ಅಧಿಕಾರಿಯನ್ನು ನಡುವೆ ಕೂಡಿಸಿಕೊಂಡು ಕನಿಷ್ಠ ಮಜೂರಿಯ ಒಂದು ಪಟ್ಟಿ ಮಾಡಿಸಿದರು. ಹಲವು ವ್ಯಾಪಾರಿಗಳು ಅದನ್ನು ಒಪ್ಪಲಿಲ್ಲ. ನವೆಂಬರ್ 21ಕ್ಕೆ ನೇಕಾರರು ಬೀದಿಗಿಳಿದರು. ಕೆಲವು ದಿನ ಇಡೀ ನಗರ ಅವರ ಕೈಯಲ್ಲಿತ್ತು. ಪ್ಯಾರಿಸ್ಸಿನಿಂದ ಸೈನ್ಯ ಬಂತು, ಮಜೂರಿಯ ಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ಮತ್ತೆ ಗುಂಡು ಹಾರಿತು.

ಓಜಾನಮ್ ಮೊದಲ ದಂಗೆಗೆ ಎರಡು ವಾರ ಮುಂಚೆ ಊರು ಬಿಟ್ಟು, ಕಾನೂನು ಓದಲು ಪ್ಯಾರಿಸ್ಸಿಗೆ ಬಂದಿದ್ದ. ಊರಲ್ಲಿದ್ದಾಗ ಅವನು ಬರೆದದ್ದು ಒಂದು ಕಿರುಹೊತ್ತಗೆ. ಆಗ ಸೇಂಟ್-ಸಿಮೋನ್ ಎಂಬ ಚಿಂತಕನ ಅನುಯಾಯಿಗಳು ಸಮಾಜವನ್ನು ದುಡಿಮೆಯ ಆಧಾರದ ಮೇಲೆ ಹೊಸದಾಗಿ ಕಟ್ಟಬೇಕು, ಹಳೆಯ ಧರ್ಮದ ಕಾಲ ಮುಗಿಯಿತು ಅಂತ ಊರೂರಲ್ಲಿ ಭಾಷಣ ಮಾಡುತ್ತಿದ್ದರು. ಅವರನ್ನು ಖಂಡಿಸಿ 18ರ ಈ ಹುಡುಗ ಪುಸ್ತಕ ಬರೆದಿದ್ದ. ತಾತ್ವಿಕ ಜಗಳ ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವನ ಊರಿನ ನೇಕಾರರ ಹೊಟ್ಟೆಯ ಜಗಳದ ಬಗ್ಗೆ ಅವನು ಯೋಚಿಸಲು ಇನ್ನೂ ಕೆಲವು ವರ್ಷ ಬೇಕಿತ್ತು.

ಒಂದು ಚುಚ್ಚುಮಾತು

ಪ್ಯಾರಿಸ್ಸಿನಲ್ಲಿ ಅವನಿಗೆ ಇರಲು ಜಾಗ ಕೊಟ್ಟವರು ಲಿಯೋನ್ ಕಡೆಯವರೇ ಆದ ಆಂದ್ರೆ-ಮರೀ ಆಂಪಿಯರ್. ಹೌದು, ಕರೆಂಟನ್ನು ಯಾರ ಹೆಸರಲ್ಲಿ ಅಳೆಯುತ್ತೇವೋ ಅದೇ ಆಂಪಿಯರ್. ದೊಡ್ಡ ವಿಜ್ಞಾನಿ, ಗಟ್ಟಿ ಆಸ್ತಿಕ. ಚರ್ಚಿಗೆ ಹೋಗುವವನೆಂದರೆ ಹಳೆ ಕಾಲದವನು, ರಾಜನ ಕಡೆಯವನು ಅಂತ ಕಾಲೇಜಿನಲ್ಲಿ ನಗುತ್ತಿದ್ದ ಕಾಲ ಅದು. ಆ ಮನೆಯಲ್ಲಿದ್ದದ್ದು ಓಜಾನಮ್‌ಗೆ ಧೈರ್ಯ ಕೊಟ್ಟಿತು. ಪ್ರೊಫೆಸರುಗಳು ಕ್ಲಾಸಿನಲ್ಲಿ ಧರ್ಮವನ್ನು ಹೀಯಾಳಿಸಿದರೆ ಗೆಳೆಯರನ್ನು ಕೂಡಿಸಿ ಪ್ರತಿಭಟನೆಯ ಪತ್ರ ಬರೆಯುತ್ತಿದ್ದ. ಇಮ್ಯಾನುಯೆಲ್ ಬೈಯಿ ಎಂಬ ಪತ್ರಿಕೆಯ ಸಂಪಾದಕರು ನಡೆಸುತ್ತಿದ್ದ ಚರ್ಚಾಕೂಟದಲ್ಲಿ ಎಲ್ಲ ಪಂಥದ ಹುಡುಗರ ಎದುರೂ ವಾದಕ್ಕೆ ನಿಲ್ಲುತ್ತಿದ್ದ.

ಹೊರಗೆ ಪ್ಯಾರಿಸ್ ಬೇರೆಯೇ ಇತ್ತು. 1832ರಲ್ಲಿ ಕಾಲರಾ ಬಂದು ನಗರದಲ್ಲಿ ಸುಮಾರು 18,000 ಜನ ಸತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ಇಕ್ಕಟ್ಟು ಓಣಿಗಳಲ್ಲಿ, ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುತ್ತಿದ್ದವರು. ಆ ಓಣಿಗಳು ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರದಲ್ಲೇ ಇದ್ದವು.

ಒಂದು ಸಂಜೆ ಚರ್ಚಾಕೂಟದಲ್ಲಿ ಓಜಾನಮ್ ಮತ್ತು ಗೆಳೆಯರು ಕ್ರೈಸ್ತ ಧರ್ಮ ಇತಿಹಾಸದಲ್ಲಿ ಬಡವರಿಗಾಗಿ ಏನೇನು ಮಾಡಿದೆ ಅಂತ ಉದ್ದಕ್ಕೆ ಹೇಳಿದರು. ಆಗ ಸೇಂಟ್-ಸಿಮೋನ್ ಪಂಥದ ಹುಡುಗನೊಬ್ಬ ಎದ್ದು ನಿಂತ. ಹಿಂದೆ ಮಾಡಿದ್ದನ್ನು ತಾನು ಒಪ್ಪುತ್ತೇನೆ, ಆದರೆ ಈಗ, ಈ ಊರಲ್ಲಿ, ನೀವು ಇಷ್ಟು ಜನ ಏನು ಮಾಡುತ್ತಿದ್ದೀರಿ ಅಂತ ಕೇಳಿದ. ಉತ್ತರ ಇರಲಿಲ್ಲ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ಜಾಗ. ಎದುರಾಳಿಯ ಮಾತಿಗೆ ಪ್ರತಿ-ಮಾತು ಹುಡುಕಬಹುದಿತ್ತು. ನೀವೇನು ಮಾಡಿದ್ದೀರಿ ಅಂತ ತಿರುಗಿ ಕೇಳಬಹುದಿತ್ತು. ನಾವೆಲ್ಲ ದಿನಾ ಮಾಡುವುದು ಅದನ್ನೇ. ಓಜಾನಮ್ ಆ ಮಾತನ್ನು ನಿಜ ಅಂತ ಒಪ್ಪಿಕೊಂಡ. ತಮ್ಮ ವಿರೋಧಿ ಹೇಳಿದ್ದೇ ಸರಿ, ಕೆಲಸ ಶುರು ಮಾಡೋಣ ಅಂತ ಗೆಳೆಯರಿಗೆ ಹೇಳಿದ. ಅವನೂ ಗೆಳೆಯ ಲೆ ತೈಯಾಂದಿಯೆಯೂ ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆ ಉಳಿದಿದ್ದ ಕಟ್ಟಿಗೆಯನ್ನು ಹೊತ್ತುಕೊಂಡು ಒಂದು ಬಡ ಕುಟುಂಬಕ್ಕೆ ಕೊಟ್ಟು ಬಂದರಂತೆ.

1833ರ ಏಪ್ರಿಲ್ 23, ಓಜಾನಮ್‌ನ 20ನೇ ಹುಟ್ಟುಹಬ್ಬ. ಅವತ್ತು ಬೈಯಿಯವರ ಪತ್ರಿಕಾ ಕಚೇರಿಯಲ್ಲಿ ಏಳು ಜನ ಕೂತರು. ಆರು ಮಂದಿ ವಿದ್ಯಾರ್ಥಿಗಳು, ಒಬ್ಬ ಬೈಯಿ. ಬೈಯಿಯೇ ಅಧ್ಯಕ್ಷ. ತಾನೇ ಸ್ಥಾಪಕ ಅಂತ ಓಜಾನಮ್ ಎಂದೂ ಹೇಳಿಕೊಳ್ಳಲಿಲ್ಲ, ಯಾರಾದರೂ ಹಾಗೆ ಕರೆದರೆ ಅವನಿಗೆ ಇಷ್ಟವೂ ಆಗುತ್ತಿರಲಿಲ್ಲ.

ಕಲಿಸಿದ್ದು ಒಬ್ಬ ಹೆಣ್ಣುಮಗಳು

ಸಭೆ ಅಂತೂ ಆಯಿತು. ಯಾರ ಮನೆಗೆ ಹೋಗುವುದು? ಓದಿಕೊಂಡ ಈ ಹುಡುಗರಿಗೆ ಬಡವರ ಒಂದು ವಿಳಾಸವೂ ಗೊತ್ತಿರಲಿಲ್ಲ. ಮುಫ್ತಾರ್ ಎಂಬ ಬಡ ಕೇರಿಯಲ್ಲಿ ದಶಕಗಳಿಂದ ಕೆಲಸ ಮಾಡುತ್ತಿದ್ದ ಕನ್ಯಾಸ್ತ್ರೀ ರೊಸಾಲಿ ರಂಡು ಅವರ ಹತ್ತಿರ ಹೋದರು. ಅವರು ಕುಟುಂಬಗಳ ಪಟ್ಟಿ ಕೊಟ್ಟರು, ರೊಟ್ಟಿಗೂ ಇದ್ದಿಲಿಗೂ ಬದಲಾಯಿಸಿಕೊಳ್ಳುವ ಚೀಟಿ ಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ಬಡವರ ಮನೆಯಲ್ಲಿ ಹೇಗೆ ಕೂರಬೇಕು ಅಂತ ಕಲಿಸಿದರು. ಉಪದೇಶ ಮಾಡಬಾರದು, ತಾಳ್ಮೆ ಇರಬೇಕು, ಮೊದಲು ಕೇಳಿಸಿಕೊಳ್ಳಬೇಕು. ಆರಂಭದ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಸದಸ್ಯತ್ವ ಇರಲಿಲ್ಲ. ಆದರೆ ಸಭೆಗೆ ಕೆಲಸ ಕಲಿಸಿದ್ದು ಒಬ್ಬ ಹೆಣ್ಣುಮಗಳು. ಸಂಘಟನೆಗಳಲ್ಲಿ ಇದ್ದವರಿಗೆ ಈ ಕಥೆ ಹೊಸದೇನಲ್ಲ.

ಅವರು ಹಾಕಿಕೊಂಡ ನಿಯಮಗಳು ಬಹಳ ಸರಳ. ಒಬ್ಬೊಬ್ಬರೇ ಹೋಗಬಾರದು, ಇಬ್ಬಿಬ್ಬರು ಹೋಗಬೇಕು. ವಾರವಾರ ಹೋಗಬೇಕು, ಅದೇ ಮನೆಗೆ ಹೋಗಬೇಕು. ವಾರದ ಸಭೆಯಲ್ಲಿ ಕೂತು ಆ ಮನೆಯಲ್ಲಿ ಏನಾಗಿದೆ, ಯಾರಿಗೆ ಕೆಲಸ ಹೋಗಿದೆ, ಯಾವ ಮಗು ಶಾಲೆ ಬಿಟ್ಟಿದೆ ಅಂತ ಹೇಳಬೇಕು. ಸಭೆಯ ಕೊನೆಗೆ ಒಂದು ಟೋಪಿ ಸುತ್ತು ಬರುತ್ತದೆ. ಕೈಲಾದಷ್ಟು ಹಾಕಬೇಕು, ಯಾರು ಎಷ್ಟು ಹಾಕಿದರು ಅಂತ ಇನ್ನೊಬ್ಬರಿಗೆ ಗೊತ್ತಾಗಬಾರದು.

ನಮ್ಮ ಟೆಂಪೋಗೆ ಕಟ್ಟಿದ್ದ ಬ್ಯಾನರು ನೆನಪಾಯಿತು. ಅದರಲ್ಲಿ ನಮ್ಮೆಲ್ಲರ ಹೆಸರೂ ಇತ್ತು.

ಮುಂದಿನ ವರ್ಷ ಸಭೆ 17ನೇ ಶತಮಾನದಲ್ಲಿ ಬಡವರ ಸೇವೆಗೆ ಹೆಸರಾಗಿದ್ದ ವಿನ್ಸೆಂಟ್ ಡಿ ಪಾಲ್ ಅವರನ್ನು ಆದರ್ಶವಾಗಿ ತಗೊಂಡಿತು. ಹುಡುಗರ ಸಂಖ್ಯೆ ನೂರು ದಾಟುತ್ತಿದ್ದಂತೆ ಜಗಳವೂ ಬಂತು. ಗುಂಪನ್ನು ಒಡೆದು ಬೇರೆ ಬೇರೆ ಕೇರಿಗಳಲ್ಲಿ ಸಣ್ಣ ಸಣ್ಣ ಘಟಕ ಮಾಡೋಣ ಅಂತ ಓಜಾನಮ್ ವಾದಿಸಿದ. ಗೆಳೆತನ ಒಡೆಯುತ್ತೆ ಅಂತ ಕೆಲವರು ಕಣ್ಣೀರು ಹಾಕುವ ತನಕ ಹೋಯಿತು. ಕೊನೆಗೆ ಅವನ ಮಾತೇ ನಿಂತಿತು. 1835ರಲ್ಲಿ ಲಿಖಿತ ನಿಯಮಾವಳಿ ಬಂತು. ಓದು ಮುಗಿಸಿ ತಮ್ಮ ತಮ್ಮ ಊರಿಗೆ ಹೋದ ಹುಡುಗರು ಅಲ್ಲೆಲ್ಲ ಘಟಕ ಕಟ್ಟಿದರು. 1860ರ ದಶಕದ ಹೊತ್ತಿಗೆ ಅದು ಮುಂಬೈಗೂ ಬಂದಿತ್ತು. ಇವತ್ತು ಸುಮಾರು 150 ದೇಶಗಳಲ್ಲಿದೆ. ಬೆಂಗಳೂರು, ಮಂಗಳೂರು ಕಡೆಯ ಚರ್ಚುಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವುದು ಅದೇ.

ಸೇವೆ ಅಂದ ಕೂಡಲೇ ಮತಾಂತರದ ಅನುಮಾನ ಬರುವ ಕಾಲದಲ್ಲಿ ನಾವಿದ್ದೇವೆ, ಆದ್ದರಿಂದ ಒಂದು ಮಾತು. ಈ ಹುಡುಗರು ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ. ನಂಬಿಕೆ ಸತ್ತಿಲ್ಲ ಅಂತ ತೋರಿಸಬೇಕು ಅನ್ನುವ ಹಟವೂ ಇತ್ತು. ಆದರೆ ಆ ಹಟ ಅವರನ್ನು ಬಡವನ ಮೇಲೆ ಷರತ್ತು ಹಾಕುವ ಕಡೆಗಲ್ಲ, ತಮ್ಮ ಮೇಲೆ ತಾವೇ ಷರತ್ತು ಹಾಕಿಕೊಳ್ಳುವ ಕಡೆಗೆ ಒಯ್ಯಿತು. ವಾರಕ್ಕೊಮ್ಮೆ ಹೋಗಬೇಕು ಅನ್ನುವುದು ಹೋಗುವವನ ಮೇಲಿನ ಷರತ್ತು.

ಚೀಟಿಯಿಂದ ಮಜೂರಿಯ ಕಡೆಗೆ

ಒಂದೇ ಮನೆಗೆ ಮತ್ತೆ ಮತ್ತೆ ಹೋದರೆ ಒಂದು ತೊಂದರೆ ಆಗುತ್ತದೆ. ಮೊದಲ ವಾರ ಕಾಣುವುದು ಹಸಿವು. ರೊಟ್ಟಿಯ ಚೀಟಿ ಕೊಟ್ಟರೆ ಮುಗಿಯಿತು. ಐದನೇ ವಾರಕ್ಕೆ ಬಾಡಿಗೆ ಕಾಣುತ್ತದೆ, ಹತ್ತನೇ ವಾರಕ್ಕೆ ಸಾಲ. ಆಮೇಲೆ, ಈ ಮನುಷ್ಯ ದಿನಕ್ಕೆ ಹದಿನಾಲ್ಕು ತಾಸು ದುಡಿದರೂ ಯಾಕೆ ಹಸಿದಿದ್ದಾನೆ ಅನ್ನುವ ಪ್ರಶ್ನೆ ಎದುರು ಕೂರುತ್ತದೆ. ಕಿಟ್ ಕೊಟ್ಟು ಹೋದವರಿಗೆ ಈ ಪ್ರಶ್ನೆ ಬರುವುದಿಲ್ಲ.

ಓಜಾನಮ್‌ಗೆ ಬಂತು. 1836ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್, 1839ರಲ್ಲಿ ಕವಿ ಡಾಂಟೆಯ ಮೇಲೆ ಇನ್ನೊಂದು ಡಾಕ್ಟರೇಟ್. ಅದೇ ವರ್ಷ ಲಿಯೋನಿನಲ್ಲಿ ವಾಣಿಜ್ಯ ಕಾನೂನು ಕಲಿಸುವ ಕೆಲಸ ಸಿಕ್ಕಿತು. ಎರಡು ಸಲ ನೇಕಾರರ ರಕ್ತ ಬಿದ್ದಿದ್ದ ಊರು. ಕೂತು ಕೇಳುವವರಲ್ಲಿ ವ್ಯಾಪಾರಿಗಳ ಮಕ್ಕಳೂ ಇದ್ದಿರಬೇಕು. ಹುಂಡಿ, ದಿವಾಳಿ, ಪಾಲುದಾರಿಕೆಯ ಕಾನೂನು ಹೇಳಿಕೊಟ್ಟು ಸಂಬಳ ಎಣಿಸಬಹುದಿತ್ತು. ಅವನು ಮಜೂರಿಯ ಬಗ್ಗೆ ಪಾಠ ಮಾಡಿದ.

ಅವನ ವಾದದ ಸಾರ ಇಷ್ಟು. ಮಾಲೀಕ ಕಾರ್ಮಿಕನನ್ನು ಸಹಭಾಗಿ ಅಂತ ನೋಡದೆ, ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ತೆಗೆಯಬೇಕಾದ ಯಂತ್ರದ ಹಾಗೆ ನೋಡಿದರೆ ಅದು ಶೋಷಣೆ. ಕೂಲಿಯನ್ನು ಮಾರುಕಟ್ಟೆಯ ಪೈಪೋಟಿ ಒಂದಕ್ಕೇ ಬಿಡುವ ಹಾಗಿಲ್ಲ. ಅದರಲ್ಲಿ ಮೂರು ಲೆಕ್ಕ ಕೂಡಬೇಕು: ಬದುಕಲು ಬೇಕಾದದ್ದು, ಮಕ್ಕಳನ್ನು ಸಾಕಿ ಓದಿಸಲು ಬೇಕಾದದ್ದು, ಕೈಕಾಲು ಸೋತ ಮೇಲೆ ಕೂತು ಉಣ್ಣಲು ಬೇಕಾದದ್ದು. ಅಂದರೆ ಇವತ್ತು ನಾವು ಜೀವನಯೋಗ್ಯ ವೇತನ, ಶಿಕ್ಷಣ, ಪಿಂಚಣಿ ಅಂತ ಬೇರೆ ಬೇರೆ ಫೈಲುಗಳಲ್ಲಿ ಹುಡುಕುವುದನ್ನು ಅವನು ಒಂದೇ ಕೂಲಿಯೊಳಗೆ ಇಟ್ಟಿದ್ದ. ಹಾಗಂತ ಅವನು ಎಲ್ಲವನ್ನೂ ಸರ್ಕಾರದ ಕೈಗೆ ಕೊಡಿ ಅನ್ನಲಿಲ್ಲ. ಮುಟ್ಟಬೇಡಿ, ಮಾರುಕಟ್ಟೆ ನೋಡಿಕೊಳ್ಳುತ್ತೆ ಅನ್ನುವವರನ್ನೂ, ಪ್ರತಿಯೊಂದನ್ನೂ ಸರ್ಕಾರವೇ ನಿಗದಿ ಮಾಡಲಿ ಅನ್ನುವವರನ್ನೂ ಒಪ್ಪದೆ, ಕಾರ್ಮಿಕರ ಸಂಘಗಳಲ್ಲಿ ನಡುದಾರಿ ಹುಡುಕಿದ. ಕಾರ್ಮಿಕರ ಬಗ್ಗೆ ಪೋಪ್ ಹದಿಮೂರನೇ ಲಿಯೋ ತಮ್ಮ ಹೆಸರಾಂತ ಸುತ್ತೋಲೆ ಹೊರಡಿಸಿದ್ದು 1891ರಲ್ಲಿ. ಓಜಾನಮ್ ಅದಕ್ಕೆ ಅರ್ಧ ಶತಮಾನ ಮುಂಚೆ ಮಾತಾಡಿದ್ದ.

ನಮ್ಮ ಕಡೆಯವರಿಗೆ ಇದು ದೂರದ ಮಾತೂ ಅಲ್ಲ. ಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಕಟ್ಟಿದ್ದರು. ದುಡಿಮೆಗೆ ಮರ್ಯಾದೆ ಇಲ್ಲದ ಕಡೆ ದಾನಕ್ಕೆ ಮರ್ಯಾದೆ ಇಲ್ಲ ಅನ್ನುವುದು ಅದರೊಳಗೇ ಇದೆ. ಈಗ ನಾವು ದಾಸೋಹವನ್ನು ಜಾತ್ರೆಗೆ ಉಳಿಸಿಕೊಂಡಿದ್ದೇವೆ, ಕಾಯಕದ ಬೆಲೆಯನ್ನು ಮಾಲೀಕರಿಗೆ ಬಿಟ್ಟಿದ್ದೇವೆ.

1848: ಎರಡೂ ಕಡೆಯ ಗುಂಡು

1840ರಲ್ಲಿ ಅಧ್ಯಾಪಕರ ಸ್ಪರ್ಧಾ ಪರೀಕ್ಷೆಯಲ್ಲಿ ಮೊದಲಿಗನಾಗಿ ಗೆದ್ದು ಓಜಾನಮ್ ಸೋರ್ಬಾನ್ ವಿಶ್ವವಿದ್ಯಾಲಯ ಸೇರಿದ. 1841ರ ಜೂನ್ 23ರಂದು ಆಮೆಲಿ ಸುಲಾಕ್ರುವಾಳನ್ನು ಮದುವೆಯಾದ. ಆ ನೆನಪಿಗೆ ಪ್ರತಿ ತಿಂಗಳು 23ಕ್ಕೆ ಹೆಂಡತಿಗೆ ಹೂವು ಕೊಡುತ್ತಿದ್ದನಂತೆ. 1845ರಲ್ಲಿ ಮಗಳು ಮರೀ ಹುಟ್ಟಿದಳು. ಮೂವತ್ತೊಂದನೇ ವಯಸ್ಸಿಗೇ ಖಾಯಂ ಪ್ರೊಫೆಸರ್ ಹುದ್ದೆ ಬಂದಿತ್ತು. ಆರಾಮಾಗಿ ಇರಬಹುದಿತ್ತು.

1848ರ ಫೆಬ್ರವರಿ ಬಂತು. ಮಾರ್ಕ್ಸ್ ಮತ್ತು ಎಂಗೆಲ್ಸರ ಪ್ರಣಾಳಿಕೆ ಲಂಡನ್ನಿನಲ್ಲಿ ಅಚ್ಚಾದ ತಿಂಗಳು ಅದು. ಅದೇ ತಿಂಗಳು ಓಜಾನಮ್ ಒಂದು ಲೇಖನದಲ್ಲಿ ತನ್ನ ಕಡೆಯ ಆಸ್ತಿಕರಿಗೆ, ರಾಜರ ಮತ್ತು ಉಳ್ಳವರ ಬೆನ್ನು ಬಿಟ್ಟು ಜನಸಾಮಾನ್ಯರ ಕಡೆಗೆ ದಾಟಿ ಬನ್ನಿ ಅಂತ ಕರೆ ಕೊಟ್ಟ. ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗಿ ರಾಜ ಓಡಿಹೋದ, ಗಣರಾಜ್ಯ ಬಂತು, ಎಲ್ಲ ಗಂಡಸರಿಗೂ ಮತ ಬಂತು. ಓಜಾನಮ್ ಏಪ್ರಿಲಿನಲ್ಲಿ ಲಿಯೋನ್ ಕಡೆಯಿಂದ ಚುನಾವಣೆಗೆ ನಿಂತು ಸೋತ. ಪಾದ್ರಿ ಲಾಕೋರ್ದೇರ್ ಮತ್ತಿತರರ ಜೊತೆ ಸೇರಿ ಹೊಸ ಯುಗ ಎಂಬ ಅರ್ಥದ ಹೆಸರಿನ ಪತ್ರಿಕೆ ಶುರು ಮಾಡಿದ. ಗಣರಾಜ್ಯವೂ ಬೇಕು, ಧರ್ಮವೂ ಬೇಕು, ಕಾರ್ಮಿಕನ ಹಕ್ಕೂ ಬೇಕು ಅನ್ನುವ ಪತ್ರಿಕೆ. ಎಲ್ಲ ಕಡೆಯಿಂದಲೂ ಬೈಗುಳ ತಿಂದಿತು.

ಜೂನಿನಲ್ಲಿ ಸರ್ಕಾರ ನಿರುದ್ಯೋಗಿಗಳಿಗೆ ತೆರೆದಿದ್ದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಿತು. ಕಾರ್ಮಿಕರು ಬೀದಿಗಳಿಗೆ ಅಡ್ಡಗಟ್ಟೆ ಕಟ್ಟಿದರು. ಜೂನ್ 23ರಿಂದ ನಾಲ್ಕು ದಿನ ಪ್ಯಾರಿಸ್ ರಣರಂಗ, ಸತ್ತವರು ಸಾವಿರಗಟ್ಟಲೆ. ಓಜಾನಮ್ ಆಗ ಯಾವ ಕಡೆ ಇದ್ದ? ನಾಗರಿಕ ರಕ್ಷಣಾ ದಳದ ಸಮವಸ್ತ್ರದಲ್ಲಿ, ಸರ್ಕಾರದ ಕಡೆ. ತಾನು ವಾರವಾರ ಯಾರ ಮನೆಯಲ್ಲಿ ಕೂರುತ್ತಿದ್ದನೋ ಅಂಥವರೇ ಅಡ್ಡಗಟ್ಟೆಯ ಆ ಕಡೆ ಇದ್ದರು. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಲು ಆಗುವುದಿಲ್ಲ. ಅವನು ಕ್ರಾಂತಿಕಾರಿ ಅಲ್ಲ. ಬಂದೂಕಿನ ಬಗ್ಗೆ ಅವನಿಗೆ ಹೇಸಿಗೆ ಇತ್ತು, ಗಣರಾಜ್ಯ ಕುಸಿಯುತ್ತೆ ಅನ್ನುವ ಭಯ ಇತ್ತು. ಆ ಭಯ ಅವನನ್ನು ತಪ್ಪು ಕಡೆ ನಿಲ್ಲಿಸಿತು ಅಂತ ನಾನು ಓದುತ್ತೇನೆ. ನೀವು ಬೇರೆ ಥರ ಓದಬಹುದು.

ಗುಂಡು ಹಾರುತ್ತಿದ್ದಾಗಲೇ ಜೂನ್ 25ರಂದು ಅವನೂ ಇಬ್ಬರು ಗೆಳೆಯರೂ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಆಫ್ರೆ ಅವರ ಬಳಿ ಹೋದರು. ನಡುವೆ ನಿಂತು ರಾಜಿ ಮಾಡಿಸಿ ಅಂತ ಬೇಡಿಕೊಂಡರು. ಆಫ್ರೆ ಒಪ್ಪಿ ಅಡ್ಡಗಟ್ಟೆಯ ಹತ್ತಿರ ಹೋದರು. ಗುಂಡು ಬಿತ್ತು, ಎರಡು ದಿನದ ಮೇಲೆ ತೀರಿಕೊಂಡರು.

ದಂಗೆ ಅಡಗಿದ ಮೇಲೆ ಉಳ್ಳವರು ಹೊಡೆದದ್ದು ಒಳ್ಳೆಯದಾಯಿತು ಅಂತ ನಿಟ್ಟುಸಿರು ಬಿಟ್ಟರು. ಓಜಾನಮ್ ಆ ಸಮಾಧಾನಕ್ಕೆ ಸೇರಲಿಲ್ಲ. ದಂಗೆ ಸತ್ತಿದೆ, ದಂಗೆಯನ್ನು ಹಡೆದ ಬಡತನ ಹಾಗೇ ಕೂತಿದೆ ಅಂತ ಪತ್ರಿಕೆಯಲ್ಲಿ ಸಾಲುಸಾಲಾಗಿ ಬರೆದ. ಬರೀ ಭಿಕ್ಷೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ ಅಂತ ಶ್ರೀಮಂತರಿಗೂ ಪಾದ್ರಿಗಳಿಗೂ ಹೇಳಿದ. ದಾನ ಗಾಯಕ್ಕೆ ಎಣ್ಣೆ ಹಚ್ಚುತ್ತದೆ, ಹೊಡೆಯುವ ಕೈಯನ್ನು ತಡೆಯುವುದು ನ್ಯಾಯ ಅನ್ನುವ ಅರ್ಥದ ಮಾತು ಅವನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಅವನ ಕಡೆಯವರು ಎಂದುಕೊಂಡಿದ್ದ ಎಷ್ಟೋ ಆಸ್ತಿಕರು ಅಷ್ಟರಲ್ಲಿ ಸುವ್ಯವಸ್ಥೆಯ ಹೆಸರಿನಲ್ಲಿ ಲೂಯಿ ನೆಪೋಲಿಯನ್ನನ ಹಿಂದೆ ಹೊರಟಿದ್ದರು. ಪತ್ರಿಕೆ 1849ರಲ್ಲಿ ಕೈತಪ್ಪಿತು. 1851ರ ಡಿಸೆಂಬರಿನಲ್ಲಿ ಗಣರಾಜ್ಯವೂ ಹೋಯಿತು.

ಅವನ ದೇಹವೂ ಅಷ್ಟರಲ್ಲಿ ಸೋತಿತ್ತು. ಮೂತ್ರಪಿಂಡದ ಕಾಯಿಲೆ. 1852ರಲ್ಲಿ ಹಾಸಿಗೆಯಿಂದ ಎದ್ದು ಹೋಗಿ ಕೊನೆಯ ಪ್ರವಚನ ಕೊಟ್ಟ. ಆರೋಗ್ಯಕ್ಕೆಂದು ಇಟಲಿಗೆ ಹೋದವನು ಅಲ್ಲೂ ಸಭೆಯ ಘಟಕಗಳಿಗೆ ಓಡಾಡಿದ. ವಾಪಸು ಬರುವಾಗ 1853ರ ಸೆಪ್ಟೆಂಬರ್ 8ರಂದು ಮಾರ್ಸೇಲ್ಸ್ ಬಂದರಿನಲ್ಲಿ ತೀರಿಕೊಂಡ. ವಯಸ್ಸು 40. ಆಮೆಲಿ ಇನ್ನೂ ನಾಲ್ಕು ದಶಕ ಬದುಕಿ ಅವನ ಕಾಗದಪತ್ರಗಳನ್ನು ಕಾಪಾಡಿದಳು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪ್ಯಾರಿಸ್ಸಿಗೆ ಬಂದು ಅವನನ್ನು ಪುನೀತ ಎಂದು ಸಾರಿದರು.

ಸರ್ಕಾರ ಹೆದರಿದ್ದು ಯಾಕೆ?

ಸಭೆ ತನ್ನ ನಿಯಮದಲ್ಲೇ ರಾಜಕೀಯ ಬೇಡ ಅಂತ ಬರೆದುಕೊಂಡಿತ್ತು. ಅದಕ್ಕಾಗಿ ಎಡಪಂಥದವರು ಬೈಯುತ್ತಲೇ ಬಂದಿದ್ದಾರೆ: ಬಡವನಿಗೆ ರೊಟ್ಟಿ ಕೊಟ್ಟು ದಂಗೆ ಏಳದ ಹಾಗೆ ನೋಡಿಕೊಳ್ಳುವುದು, ಕೋಟು ಹಾಕಿಕೊಂಡು ಹೋಗಿ ಬಡವನ ಮನೆ ಇಣುಕಿ ನೋಡುವುದು ಅಂತ. ಆ ಬೈಗುಳದಲ್ಲಿ ನಿಜ ಇದೆ. ಮನೆಭೇಟಿ ತಪಾಸಣೆಯಾಗುವುದಕ್ಕೆ ಬಹಳ ಹೊತ್ತು ಬೇಡ. ಪ್ರವಾಹದ ಮೇಲೆ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಲು ಬಂದ ಸರ್ವೆಯವರ ಮುಂದೆ ಕೈಕಟ್ಟಿ ನಿಂತವರನ್ನು ಕೇಳಿ, ಹೇಳುತ್ತಾರೆ.

ಆದರೆ 1861ರಲ್ಲಿ ಒಂದು ಸಂಗತಿ ನಡೆಯಿತು. ಮೂರನೇ ನೆಪೋಲಿಯನ್ನನ ಗೃಹಮಂತ್ರಿ ಪೆರ್ಸಿನ್ಯಿ ಈ ಸಭೆಯ ಮೇಲೆ ಮುಗಿಬಿದ್ದು ಅದರ ಕೇಂದ್ರ ಮಂಡಳಿಯನ್ನು ಮುಚ್ಚಿಸಿದ. ಭಾಷಣ ಇಲ್ಲ, ಮೆರವಣಿಗೆ ಇಲ್ಲ, ಅಭ್ಯರ್ಥಿ ಇಲ್ಲ. ಆದರೂ ಸಾವಿರಾರು ಜನ ತಮ್ಮ ಊರಲ್ಲಿ ವಾರವಾರ ಒಟ್ಟಿಗೆ ಕೂರುತ್ತಾರೆ, ಯಾರ ಮನೆಯಲ್ಲಿ ಏನಾಗಿದೆ ಅಂತ ಅವರಿಗೆ ಗೊತ್ತು, ಅವರ ನಡುವೆ ನಂಬಿಕೆ ಇದೆ. ಅಧಿಕಾರಕ್ಕೆ ಭಯ ಹುಟ್ಟಿಸಲು ಅಷ್ಟು ಸಾಕಾಯಿತು.

ನಮ್ಮ ಕಡೆ ರಾಜಕೀಯ ಅಂದರೆ ಮೊದಲು ನೆನಪಾಗುವುದು ಕಿತ್ತೂರು, ಸಂಗೊಳ್ಳಿ. ಚನ್ನಮ್ಮನ ಸಮಾಧಿ ನಮ್ಮ ಬೈಲಹೊಂಗಲದಲ್ಲೇ ಇದೆ, ವರ್ಷಕ್ಕೊಮ್ಮೆ ಉತ್ಸವಕ್ಕೆ ಎಲ್ಲ ಪಕ್ಷದವರೂ ಸಾಲಾಗಿ ಬರುತ್ತಾರೆ. ಮಾಲೆ ಹಾಕಿ ಹೋಗುತ್ತಾರೆ. ಅದೇ ನೆಲದ ಹುಡುಗರು ನಾವು, ಯಾವ ವಿಷಯಕ್ಕಾದರೂ ಒಂದು ಸಂಜೆಯಲ್ಲಿ ಹ್ಯಾಷ್‌ಟ್ಯಾಗ್ ಎಬ್ಬಿಸಬಲ್ಲೆವು, ಎರಡು ದಿನದಲ್ಲಿ ಟೆಂಪೋ ತುಂಬಬಲ್ಲೆವು. ಮುಂದಿನ ವಾರದ ಕೆಲಸ ನಮಗೆ ಬರುವುದಿಲ್ಲ. ಮುಂದಿನ ವಾರ ಹೋಗದವನಿಗೆ ಮಜೂರಿಯ ವಿಚಾರ ಗೊತ್ತಾಗುವುದಿಲ್ಲ, ಮಜೂರಿಯ ವಿಚಾರ ಗೊತ್ತಿಲ್ಲದವನ ರಾಜಕೀಯ ಬ್ಯಾನರು ಆಗಿಯೇ ಉಳಿಯುತ್ತದೆ. ಹಾಗೆಯೇ, ವಾರವಾರ ಹೋಗಿಯೂ ಮಜೂರಿ ಕೇಳದವನು ಬರೀ ಚೀಟಿ ಹಂಚುತ್ತ ಇರುತ್ತಾನೆ. ಓಜಾನಮ್ ಈ ಎರಡನ್ನೂ ಒಂದೇ ಜೀವನದಲ್ಲಿ ಮಾಡಲು ನೋಡಿದ. ಪೂರ್ತಿ ಆಗಲಿಲ್ಲ. ಮುರಿದ ಜಾಗ ಯಾವುದು ಅಂತಲೂ ಅವನ ಬದುಕೇ ತೋರಿಸುತ್ತದೆ.

ಕೆಲಸ ಬಿಟ್ಟು ಪತ್ರಕರ್ತನಾದ ಮೇಲೆ ಒಂದು ವರದಿಗಾಗಿ ಮತ್ತೆ ರಾಮದುರ್ಗಕ್ಕೆ ಹೋಗಿದ್ದೆ. ಅದೇ ಓಣಿ, ಅದೇ ಮನೆ. ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಹಾಸುಗಲ್ಲು ಹಾಕಿದ್ದರು. ಮಗ ಗೋವಾಕ್ಕೆ ದುಡಿಯಲು ಹೋಗಿದ್ದ. ಅಜ್ಜಿಗೆ ನನ್ನ ಗುರುತು ಹತ್ತಲಿಲ್ಲ. ಪ್ರವಾಹದಾಗ ಬಂದಿದ್ವಿ ಆಯಿ, ಟೆಂಪೋ ತಗೊಂಡು, ಅಂದೆ. ಬಹಳ ಮಂದಿ ಬಂದಿದ್ರಪ್ಪಾ ಅಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆ ಮಂಗಳೂರು ಹುಡುಗ ಆರಾಮ ಅದಾನೇನು, ಅವನ ಮದುವಿ ಆತೇನು ಅಂತ ಕೇಳಿದರು.